ಹೂರಣ, ಹೊಡೆ, ಹದ: ಸೊಲ್ಲಾಪುರ–ಅಕ್ಕಲಕೋಟೆ ಸೀಮೆಯ ಮನೆಕಾರ್ಯಗಳ ಅಡುಗೆಯಲ್ಲಿ ಕನ್ನಡ

ಅಕ್ಕಲಕೋಟೆ ಅಥವಾ ದಕ್ಷಿಣ ಸೊಲ್ಲಾಪುರ ತಾಲೂಕಿನ ಕನ್ನಡ ಮನೆಯೊಂದರಲ್ಲಿ ಮದುವೆ ಗೊತ್ತಾದರೆ ಲಗ್ನಪತ್ರಿಕೆ ಬಹುಮಟ್ಟಿಗೆ ಮರಾಠಿಯಲ್ಲಿ ಅಚ್ಚಾಗುತ್ತದೆ. ಮಂಗಲ ಕಾರ್ಯಾಲಯದ ಬಾಡಿಗೆ, ಮಂಟಪದವನ ಲೆಕ್ಕ, ವಾದ್ಯದವರ ಮುಂಗಡ ಎಲ್ಲವೂ ಆ ಭಾಷೆಯಲ್ಲಿಯೇ ತೀರ್ಮಾನವಾಗುತ್ತವೆ. ಅದೇ ಮನೆಯ ಪಡಸಾಲೆಯಲ್ಲಿ ಹೆಂಗಸರು ಶಾವಿಗೆ ಹೊಸೆಯಲು ಕುಳಿತಾಗ ಮಾತ್ರ ಮಾತು ತಾನಾಗಿ ಕನ್ನಡಕ್ಕೆ ಹೊರಳುತ್ತದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಈ ಪ್ರದೇಶ ಮುಂಬಯಿ ರಾಜ್ಯದಲ್ಲಿ ಉಳಿಯಿತು. 1960ರಿಂದ ಮಹಾರಾಷ್ಟ್ರದ ಭಾಗವಾಯಿತು. ಅಕ್ಕಲಕೋಟೆ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರ ವರದಿಯಲ್ಲಿ ಹೇಳಿತಾದರೂ ಅದು ಜಾರಿಗೆ ಬರಲಿಲ್ಲ. ಗಡಿವಾದದ ಬಗೆಗೆ ಎರಡೂ ಕಡೆಯವರು ಬೇಕಾದಷ್ಟು ಬರೆದಿದ್ದಾರೆ. ಒಲೆಯ ಮುಂದಿನ ಭಾಷೆಯ ಬಗೆಗೆ ಬರೆದದ್ದು ಅಷ್ಟಿಲ್ಲ.

ಹಾಗೆ ಬರೆಯಲು ಕಾರಣವಿದೆ. ಸೊಲ್ಲಾಪುರದಲ್ಲಿ ಹುಟ್ಟಿದ ಜಯದೇವಿತಾಯಿ ಲಿಗಾಡೆಯವರು ಓದಿದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಬರೆಹವನ್ನು ಅವರು ಅನಂತರ ಸ್ವಂತ ಶ್ರಮದಿಂದ ಕಲಿತರು. ಮುಂದೆ ‘ಸಿದ್ಧರಾಮ ಪುರಾಣ’ವನ್ನು ರಚಿಸಿ, 1974ರಲ್ಲಿ ಮಂಡ್ಯದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ ಮೊದಲ ಮಹಿಳೆಯಾದರು. ಶಾಲೆ ಕೊಡದ ಭಾಷೆಗೆ ಈ ಸೀಮೆಯಲ್ಲಿ ಮನೆಯೇ ಆಸರೆ. ಮನೆಯೊಳಗೆ ಹತ್ತಾರು ಜನ ಒಟ್ಟಿಗೆ ಕುಳಿತು ಕೈಗೂ ಬಾಯಿಗೂ ಕೆಲಸ ಕೊಡುವ ಸಂದರ್ಭಗಳೆಂದರೆ ಕುಬಸ, ತೊಟ್ಟಿಲು, ಮದುವೆ ಮೊದಲಾದ ಕಾರ್ಯಗಳು. ಹಿರಿಯಳು ಕಿರಿಯಳಿಗೆ ಹೇಳುವ, ಬೈಯುವ, ತಿದ್ದುವ ಮಾತೆಲ್ಲ ಅಲ್ಲಿ ನಡೆಯುತ್ತದೆ.

ಕುಬಸದಿಂದಲೇ ಆರಂಭಿಸಬಹುದು. ಬಸುರಿಗೆ ಐದು, ಏಳು ಅಥವಾ ಒಂಬತ್ತನೆಯ ತಿಂಗಳಲ್ಲಿ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ, ಬಯಕೆಯ ಊಟ ಬಡಿಸುತ್ತಾರೆ. ಅದಕ್ಕೂ ಮುನ್ನ, ಮೂರನೆಯ ತಿಂಗಳ ಸುಮಾರಿಗೆ, ಹೊರಗಿನವರನ್ನು ಕರೆಯದೆ ಮನೆಮಟ್ಟಿಗೆ ಮಾಡುವ ಕಾರ್ಯಕ್ಕೆ ‘ಕಳ್ಳ ಕುಬಸ’ ಎಂದು ಹೆಸರು. ಮರಾಠಿಯಲ್ಲಿ ಇದು ‘ಚೋರ ಚೋಳಿ’. ಎರಡೂ ಪದಕ್ಕೆ ಪದ ಹೊಂದುತ್ತವೆ. ಯಾರು ಯಾರಿಂದ ಪಡೆದರೆಂದು ತೀರ್ಪು ಕೊಡುವುದಕ್ಕಿಂತ, ಒಂದೇ ಓಣಿಯಲ್ಲಿ ಎರಡು ಭಾಷೆಯ ಹೆಂಗಸರು ಒಬ್ಬರ ಕುಬಸಕ್ಕೆ ಇನ್ನೊಬ್ಬರು ಹೋಗುತ್ತ ಬಂದಿರುವುದಕ್ಕೆ ಇದನ್ನು ಸಾಕ್ಷಿಯೆಂದು ಹಿಡಿಯುವುದು ಲೇಸು. ಬಯಕೆಯ ಊಟಕ್ಕೆ ತವರಿನಿಂದ ಬುತ್ತಿ ಬರುತ್ತದೆ: ಹೋಳಿಗೆ, ಕಡುಬು, ಕರ್ಜಿಕಾಯಿ, ಚಕ್ಕುಲಿ, ನಾಲ್ಕೈದು ಬಗೆಯ ಉಂಡಿ, ಕಲಸಿದ ಅನ್ನ. ಹುಳಿಯ ಮೇಲೆ ಮನಸ್ಸಾದವಳಿಗೆ ಪುಂಡಿಪಲ್ಯವೂ ಬುತ್ತಿಯಲ್ಲಿರುತ್ತದೆ.

ಈ ಸೀಮೆಯಲ್ಲಿ ಬಯಕೆಯ ಊಟ ಉಣ್ಣುವವಳು ಸೊಸೆಯೊಬ್ಬಳೇ ಅಲ್ಲ, ಹೊಲವೂ ಉಣ್ಣುತ್ತದೆ. ಇಲ್ಲಿಯ ಕಪ್ಪು ಎರೆಮಣ್ಣಿನ ಮುಖ್ಯ ಬೆಳೆ ಹಿಂಗಾರಿ ಜೋಳ. ಮಳೆಗಾಲದ ಕೊನೆಗೆ ಬಿತ್ತಿ, ನೆಲದಲ್ಲಿ ಉಳಿದ ಹಸಿಯಿಂದಲೇ ಬೆಳೆಯುವಂಥದು. ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಅದು ತೆನೆ ಹೊರುವ ಹಂತದಲ್ಲಿರುತ್ತದೆ. ತೆನೆ ಇನ್ನೂ ಸುಳಿಯೊಳಗಿದ್ದು ದಂಟು ಉಬ್ಬಿದ ಸ್ಥಿತಿಗೆ ಕನ್ನಡದಲ್ಲಿ ‘ಹೊಡೆ’ ಎನ್ನುತ್ತಾರೆ. ಹಳಗನ್ನಡದ ‘ಪೊಡೆ’ಗೆ ಹೊಟ್ಟೆ ಎಂಬ ಅರ್ಥವೂ ಉಂಟು. ಮರಾಠಿ ರೈತ ಅದೇ ಹಂತವನ್ನು ‘ಪೋಟರಿ’ ಎಂದು ಕರೆಯುತ್ತಾನೆ. ಅಲ್ಲಿ ‘ಪೋಟ’ ಎಂದರೆ ಹೊಟ್ಟೆ. ಹೀಗೆ ಎರಡು ಭಾಷೆಗಳೂ ಜೋಳವನ್ನು ಬಸುರಿಯಾಗಿ ಕಂಡಿವೆ. ಅಂದು ಬುಟ್ಟಿಯಲ್ಲಿ ಹೊತ್ತುಕೊಂಡು ಹೋದ ಸಜ್ಜೆಯ ಕಡುಬು, ಬಗೆಬಗೆಯ ಕಾಯಿಪಲ್ಯ ಕೂಡಿಸಿ ಬೇಯಿಸಿದ ಬಜ್ಜಿ, ಅಂಬಲಿ, ಶೇಂಗಾ ಹೋಳಿಗೆಗಳನ್ನು ಹೊಲದ ಸುತ್ತ ‘ಚರಗ’ ಚೆಲ್ಲಿ, ಆಮೇಲೆ ಬಂಧುಬಳಗ ಊಟಕ್ಕೆ ಕೂಡುತ್ತದೆ. ಸೊಲ್ಲಾಪುರ, ಧಾರಾಶಿವ, ಲಾತೂರು ಭಾಗದ ಮರಾಠಿಗರು ಇದೇ ಹಬ್ಬವನ್ನು ‘ವೇಳ ಅಮಾವಾಸ್ಯೆ’ ಎನ್ನುತ್ತಾರೆ. ಕನ್ನಡದ ‘ಎಳ್ಳ’ ಎಂಬುದೇ ಅಲ್ಲಿ ‘ವೇಳ’ ಆಗಿದೆ ಎಂಬ ವಿವರಣೆ ರೂಢಿಯಲ್ಲಿದೆ.

ಹೆರಿಗೆಯಾದ ಮನೆಯ ಅಡುಗೆ ಬೇರೆಯೇ ಒಂದು ಶಾಸ್ತ್ರ. ಬಾಣಂತಿಗೆ ಅಳವಿಯ ಪಾಯಸ, ಸಬ್ಬಸಿಗೆ, ಬಿಸಿ ರೊಟ್ಟಿ, ಬೆಳಿಗ್ಗೆ ಒಂದು ಅಂಟಿನುಂಡಿ. ಅಳವಿಯ ಕೆಂಪು ಕಾಳು ನೀರು ತಾಗಿದೊಡನೆ ಲೋಳೆ ಬಿಡುತ್ತದೆ. ಆ ಲೋಳೆಯೇ ಪಾಯಸಕ್ಕೆ ಮೈ. ಅಂಟಿನುಂಡಿಯಲ್ಲಿ ಕೈಚಳಕವೆಲ್ಲ ಅಂಟನ್ನು ಹುರಿಯುವುದರಲ್ಲಿದೆ. ಕಾದ ತುಪ್ಪಕ್ಕೆ ಸ್ವಲ್ಪಸ್ವಲ್ಪವೇ ಹಾಕಿ, ಒಳಗಿನವರೆಗೆ ಅರಳಿಸಬೇಕು. ಹೊರಗೆ ಅರಳಿ ಒಳಗೆ ಹಸಿಯಾಗಿ ಉಳಿದರೆ ಹಲ್ಲಿಗೆ ಹಿಡಿಯುತ್ತದೆ. ಅರಳಿದ ಅಂಟನ್ನು ಪುಡಿಮಾಡಿ, ಹುರಿದ ಒಣಕೊಬ್ಬರಿ, ಉತ್ತತ್ತಿ, ಗಸಗಸೆ, ಬದಾಮು, ಏಲಕ್ಕಿ, ಜಾಜಿಕಾಯಿ ಕೂಡಿಸಿ, ಬೆಲ್ಲದ ಪಾಕದಲ್ಲಿ ಕಟ್ಟುತ್ತಾರೆ. ಪಾಕ ಏರಿದರೆ ಉಂಡಿ ಕಲ್ಲಾಗುತ್ತದೆ. ಎಳೆಯದಾದರೆ ಕಟ್ಟುವುದೇ ಇಲ್ಲ. ಅಂಗಡಿಯವನು ಅಂಟನ್ನು ‘ಡಿಂಕ’ ಎಂದೇ ತೂಗುತ್ತಾನೆ, ಚೀಟಿಯಲ್ಲಿಯೂ ಹಾಗೆಯೇ ಬರೆಯುತ್ತಾನೆ. ಮನೆಯ ಹೊಸ್ತಿಲು ದಾಟಿದರೆ ಅದು ಮತ್ತೆ ಅಂಟು.

ಮಗುವಿನ ಐದನೆಯ ರಾತ್ರಿ ಹಣೆಬರಹ ಬರೆಯಲು ಬರುವ ಸಟವಿಗೆ ಪೂಜೆ, ಹನ್ನೆರಡು-ಹದಿಮೂರನೆಯ ದಿನಕ್ಕೆ ತೊಟ್ಟಿಲು. ತೊಟ್ಟಿಲಿಗೆ ಬಂದವರಿಗೆಲ್ಲ ಗುಗ್ಗರಿ ಹಂಚಲೇಬೇಕು. ಗೋಧಿ, ಜೋಳ, ಕಡಲೆಗಳನ್ನು ನೆನೆಸಿ, ಒಡೆಯದಂತೆ ಬೇಯಿಸಿ, ಬೆಲ್ಲ ಕೊಬ್ಬರಿ ಬೆರೆಸಿದರಾಯಿತು. ಇದರಷ್ಟು ಸರಳವಾದ ಅಡುಗೆ ಇನ್ನೊಂದಿಲ್ಲ. ಮರಾಠಿಯಲ್ಲಿ ಇದು ‘ಘುಗರಿ’. ತನಗಿಂತ ಕಿರಿಯನಾದವನು ಬುದ್ಧಿ ಹೇಳಲು ಬಂದರೆ, ನಿನ್ನ ಬಾರಸೆಯ ಘುಗರಿ ತಿಂದವನು ನಾನು ಎಂದು ಮರಾಠಿ ಹಿರಿಯ ಬಾಯಿಮುಚ್ಚಿಸುತ್ತಾನೆ. ಅಕ್ಕಲಕೋಟೆಯಂಥ ಊರಲ್ಲಿ ಈ ಮಾತನ್ನು ಬಳಸಲು ಕನ್ನಡಿಗನಿಗೆ ಪದ ಹುಡುಕುವ ಕಷ್ಟವಿಲ್ಲ, ಗುಗ್ಗರಿ ಎರಡೂ ಮನೆಯಲ್ಲಿ ಬೆಂದಿರುತ್ತದೆ. ಆದರೆ ಕಾರ್ಯದ ಹೆಸರು ಮಾತ್ರ ಮೆಲ್ಲಗೆ ಪಲ್ಲಟವಾಗುತ್ತಿದೆ: ಕರೆಯೋಲೆಯಲ್ಲಿ ತೊಟ್ಟಿಲು ಹೋಗಿ ‘ಬಾರಸೆ’ ಬಂದಿದೆ, ಬಯಕೆಯ ಊಟ ‘ಡೋಹಾಳೆ ಜೇವಣ’ವಾಗಿದೆ. ಕಾರ್ಯದ ಹೆಸರು ನಾಲ್ಕು ಜನರಿಗೆ ಪ್ರಕಟಿಸುವಂಥದು. ಆದ್ದರಿಂದ ಅದು ಹೊರಗಿನ ಭಾಷೆಗೆ ಬೇಗ ಸೋಲುತ್ತದೆ. ನೆನೆಸು, ಹುರಿ, ಅರಳಿಸು, ಕಟ್ಟು ಎಂಬ ಕ್ರಿಯೆಗಳನ್ನು ಯಾರೂ ಪತ್ರಿಕೆಯಲ್ಲಿ ಅಚ್ಚು ಹಾಕಿಸುವುದಿಲ್ಲ, ಹಾಗಾಗಿ ಅವು ಉಳಿದಿವೆ.

ಮಗುವಿನ ಮೊದಲ ಸಂಕ್ರಾಂತಿಯೂ ಹೊಸ ಸೊಸೆಯ ಮೊದಲ ಸಂಕ್ರಾಂತಿಯೂ ಮನೆಯಲ್ಲಿ ಒಂದು ಮಜಲು. ಸೊಲ್ಲಾಪುರದಲ್ಲಿ ಅದೇ ದಿನಗಳಲ್ಲಿ ಇಡೀ ಪಟ್ಟಣವೇ ಮದುವೆಮನೆಯಾಗಿರುತ್ತದೆ. 12ನೆಯ ಶತಮಾನದ ಶರಣ ಸಿದ್ಧರಾಮೇಶ್ವರರ ಯೋಗದಂಡದೊಡನೆ ಕುಂಬಾರ ಕನ್ಯೆಯ ವಿವಾಹವಾದುದನ್ನು ನೆನೆಯುವ ಜಾತ್ರೆ ಅದು. ಏಳು ನಂದಿಧ್ವಜಗಳು ಹೊರಡುತ್ತವೆ. ಸಮ್ಮತಿ ಕಟ್ಟೆಯ ಬಳಿ ಅಕ್ಷತೆ ಬೀಳುತ್ತದೆ. ಆ ವಿಧಿಗಳ ಹೆಸರನ್ನು ಮರಾಠಿ ಪತ್ರಿಕೆಗಳಲ್ಲಿ ಓದಿದರೆ ಕನ್ನಡಿಗನಿಗೆ ಅಚ್ಚರಿಯಾದೀತು. ಮೊದಲ ದಿನದ ತೈಲಾಭಿಷೇಕಕ್ಕೆ ಅವರು ‘ಯಣ್ಣಿಮಜ್ಜನ’ ಎಂದೂ ಕೊನೆಯ ದಿನ ಧ್ವಜಗಳ ವಸ್ತ್ರ ತೆಗೆಯುವುದಕ್ಕೆ ‘ಕಪ್ಪಡಕಳಿ’ ಎಂದೂ ಬರೆಯುತ್ತಾರೆ. ಎಣ್ಣೆ, ಮಜ್ಜನ, ಕಪ್ಪಡ, ಕಳೆ — ಎಲ್ಲ ಕನ್ನಡ ಕಿವಿಗೆ ನೇರವಾಗಿ ಅರ್ಥವಾಗುವ ಮಾತುಗಳು. ಅಕ್ಷತೆಯ ದಿನ ಭೋಗಿ. ಅಂದು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ; ಅವರೆ, ಹಸಿ ಕಡಲೆ, ಬದನೆ, ಗಜ್ಜರಿ, ಬೋರೆಹಣ್ಣು, ಶೇಂಗಾ ಎಲ್ಲವನ್ನೂ ಎಳ್ಳಿನ ಪುಡಿಯೊಡನೆ ಕೂಡಿಸಿ ಮಾಡಿದ ಪಲ್ಯ; ಬೆಣ್ಣೆ. ದೇವರ ಮದುವೆಗೆ ಬಂದ ನೆಂಟರು ಮನೆಯಲ್ಲಿ ಉಣ್ಣುವ ಊಟ ಇದೇ.

ಹೊಸ ಸೊಸೆಗೂ ಮಗುವಿಗೂ ಕುಸುರೆಳ್ಳಿನ ಒಡವೆ ತೊಡಿಸುವುದು ಸಂಕ್ರಾಂತಿಯ ವಿಶೇಷ. ಕುಸುರೆಳ್ಳನ್ನು ಮನೆಯಲ್ಲಿ ಮಾಡಲು ತಾಳ್ಮೆಗಿಂತ ಹೆಚ್ಚಾಗಿ ಚಳಿ ಬೇಕು. ಅಗಲವಾದ ತಟ್ಟೆಯನ್ನು ಮಂದ ಬೆಂಕಿಯ ಮೇಲಿಟ್ಟು, ಎಳ್ಳು ಹರಡಿ, ತೆಳು ಸಕ್ಕರೆ ಪಾಕವನ್ನು ಚಮಚೆಯಷ್ಟು ಬಿಟ್ಟು, ಬೆರಳುಗಳಿಂದ ಆಡಿಸುತ್ತಲೇ ಇರಬೇಕು. ಪಾಕ ಒಣಗಿದ ಮೇಲೆ ಮತ್ತೊಂದು ಚಮಚೆ. ದಿನಕ್ಕೆ ಕೆಲವು ತಾಸಿನಂತೆ ಹಲವು ದಿನ ಹೀಗೆ ನಡೆದರೆ ಕಾಳಿನ ಸುತ್ತ ಸಣ್ಣ ಮುಳ್ಳುಗಳೇಳುತ್ತವೆ. ಬೆಂಕಿ ಒಂದಿಷ್ಟು ಹೆಚ್ಚಾದರೂ ಮುಳ್ಳು ಕರಗಿ ಕಾಳು ಬೋಳಾಗುತ್ತದೆ. ಮುಳ್ಳು ಬಂದ ಕಾಳುಗಳನ್ನು ದಾರಕ್ಕೆ ಕಟ್ಟಿ ಸರ, ಬಳೆ, ಕಿರೀಟ ಮಾಡುತ್ತಾರೆ. ಮಗುವನ್ನು ಮಣೆಯ ಮೇಲೆ ಕೂರಿಸಿ ತಲೆಯ ಮೇಲಿಂದ ಬೋರೆಹಣ್ಣು, ಕಬ್ಬಿನ ತುಂಡು, ಚುರುಮುರಿ ಸುರಿಯುವುದಕ್ಕೆ ಉತ್ತರ ಕರ್ನಾಟಕದ ಕೆಲವು ಮನೆಗಳಲ್ಲಿ ‘ಕರಿ ಎರೆಯುವುದು’ ಎನ್ನುತ್ತಾರೆ. ಸೊಲ್ಲಾಪುರದ ಮಕ್ಕಳಿಗೆ ಅದು ‘ಬೋರನ್ಹಾಣ’. ಒಡವೆ ಇಂದು ಪೇಟೆಯಲ್ಲಿ ಪೆಟ್ಟಿಗೆಗಟ್ಟಲೆ ಸಿಗುತ್ತದೆ.

ಮದುವೆಯ ಅಡುಗೆ ಮದುವೆಗೆ ತಿಂಗಳ ಮೊದಲೇ ಶುರುವಾಗುತ್ತಿತ್ತು. ಗೋಧಿಯನ್ನು ತೋಯಿಸಿ, ಆರಿಸಿ, ಬೀಸಿ, ಜರಡಿ ಹಿಡಿದು ಸಣ್ಣ ರವೆಯನ್ನೂ ಹಿಟ್ಟನ್ನೂ ಬೇರ್ಪಡಿಸುವುದು. ಕಲಸಿ, ನಾದಿ, ನೆನೆಯಲು ಬಿಟ್ಟು ಮತ್ತೆ ನಾದುವುದು. ಇಳಿಜಾರಾದ ಉದ್ದನೆಯ ಶಾವಿಗೆ ಮಣೆಯ ಮೇಲೆ ಕುಳಿತವಳು ಹಿಟ್ಟನ್ನು ಅಂಗೈಯಿಂದ ಹೊಸೆದಂತೆ ಎಳೆ ಕೆಳಗಿಳಿಯುತ್ತದೆ. ಎದುರಿನವಳು ಅದನ್ನು ಹಿಡಿದು ಕೋಲಿನ ಮೇಲೆ ಒಣಹಾಕುತ್ತಾಳೆ. ಗಟ್ಟಿಮುಟ್ಟಾದವಳು ನಾದಬೇಕು, ಕೈ ಹಗುರಾದವಳು ಹೊಸೆಯಬೇಕು, ಮುದುಕಿಯರು ಬೆರಳತುದಿಯಲ್ಲಿ ಗವಲಿ, ನಖುಲಿ, ಮಾಲತಿ ತಿರುವಬೇಕು. ಅಕ್ಕಿಕಾಳಿನಂಥದು ಗವಲಿ, ಉಗುರಿನಿಂದ ಒತ್ತಿ ಮಡಿಸಿದ್ದು ನಖುಲಿ. ಇವೆಲ್ಲ ರುಖವತದ ತಟ್ಟೆಗಳಲ್ಲಿ ಬೀಗರ ಮುಂದೆ ಹೆಣ್ಣಿನ ಮನೆಯ ಕೈಗುಣದ ಸಾಕ್ಷಿಯಾಗಿ ನಿಲ್ಲುವಂಥವು. ಇಂದಿನ ರುಖವತದಲ್ಲಿ ಪ್ಲಾಸ್ಟಿಕ್ ಹೂಬುಟ್ಟಿಗಳೂ ಥರ್ಮೊಕೋಲಿನ ದೇವಾಲಯಗಳೂ ಕಾಣುತ್ತವೆ, ಅವುಗಳಿಂದ ಪಾಯಸವಾಗುವುದಿಲ್ಲ.

ರೊಟ್ಟಿಯ ಕೆಲಸ ಮನೆಯೊಂದಕ್ಕೆ ಹೊರೆಯಾದ್ದರಿಂದ ಓಣಿಯೇ ಹಂಚಿಕೊಳ್ಳುತ್ತಿತ್ತು. ಮದುವೆಮನೆಯವರು ಮನೆಮನೆಗೆ ಜೋಳದ ಹಿಟ್ಟು ಮುಟ್ಟಿಸಿದರೆ ಮೂರು ನಾಲ್ಕು ದಿನದಲ್ಲಿ ಖಡಕ್ ರೊಟ್ಟಿಯ ಅಟ್ಟಿಗಳು ಹಿಂದಿರುಗುತ್ತಿದ್ದವು. ಈ ಸೀಮೆಯ ಜೋಳಕ್ಕೆ ಹೆಸರಿದೆ: ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಹಿಂಗಾರಿ ತಳಿಗಳಲ್ಲಿ ಪ್ರಸಿದ್ಧವಾದ ‘ಎಂ 35-1’ ಇದೇ ಜಿಲ್ಲೆಯ ಮೊಹೋಳದಲ್ಲಿ ಸ್ಥಳೀಯ ಮಾಲದಂಡಿಯಿಂದ ಆಯ್ದದ್ದು. ಜೋಳದ ಹಿಟ್ಟಿನಲ್ಲಿ ಗೋಧಿಯ ಅಂಟುಗುಣವಿಲ್ಲ. ಆದ್ದರಿಂದ ಕುದಿಯುವ ಎಸರು ಹಾಕಿ ಹಿಟ್ಟಿನ ಪಿಷ್ಟವನ್ನು ಒಂದಿಷ್ಟು ಬೇಯಿಸಿಕೊಂಡು ‘ಜಿಗಿ’ ಬರಿಸಬೇಕು. ಬಳಿಕ ನಾದಿ, ಕೈಯಿಂದ ಬಡಿದು, ಹಂಚಿಗೆ ಹಾಕಿ, ಮೇಲ್ಮೈಗೆ ಒದ್ದೆ ಬಟ್ಟೆ ಸವರಿ, ಎರಡೂ ಮಗ್ಗುಲು ಸುಟ್ಟು, ಒಲೆಯ ಪಕ್ಕಕ್ಕೆ ನಿಲ್ಲಿಸಿ ನೀರಿನ ಅಂಶ ಪೂರ್ತಿ ಆರಿಸಬೇಕು. ಹಾಗೆ ಆರಿದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಹಿಟ್ಟು ಹಳೆಯದಾದರೆ ಜಿಗಿ ಹೋಗಿ ಅಂಚು ಸೀಳುತ್ತದೆ. ‘ಜಿಗಿ ಹೋತು’ ಎಂಬ ಎರಡು ಪದದಲ್ಲಿ ಅಡುಗೆಯವಳು ಹೇಳುವುದನ್ನು ವಿಜ್ಞಾನದ ಪುಸ್ತಕ ಒಂದು ಪುಟದಲ್ಲಿ ಹೇಳೀತು.

ಮದುವೆಯ ಊಟದ ನಡುನಾಯಕನೆಂದರೆ ಹೋಳಿಗೆ. ಕಡಲೆಬೇಳೆ ಬೇಯಿಸಿ, ಬಸಿದು, ಬೆಲ್ಲ ಕೂಡಿಸಿ ರುಬ್ಬಿದರೆ ಹೂರಣ. ನಾದಿ ಎಣ್ಣೆಯಲ್ಲಿ ನೆನೆಸಿದ ಹಿಟ್ಟು ಕಣಕ. ಬಸಿದ ನೀರು ಕಟ್ಟು, ಅದರಿಂದ ಕಟ್ಟಿನ ಸಾರು. ಮರಾಠಿಯಲ್ಲಿ ಇವು ಪುರಣ, ಪೋಳಿ, ಕಟಾಚಿ ಆಮಟಿ. ಸಂಸ್ಕೃತದ ‘ಪೂರಣ’ದ ಪಕಾರ ಕನ್ನಡದಲ್ಲಿ ಹಕಾರವಾಯಿತು, ಮರಾಠಿಯಲ್ಲಿ ಹಾಗೆಯೇ ಉಳಿಯಿತು. ಪಾಲು ಹಾಲಾದ, ಪೊಡೆ ಹೊಡೆಯಾದ ಅದೇ ನಿಯಮ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ‘ಪೋಲಿಕಾ’ ಎಂಬ ಭಕ್ಷ್ಯದ ಉಲ್ಲೇಖವಿದೆ. ಅದಕ್ಕೂ ನೂರು ವರ್ಷ ಹಿಂದಿನ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಕನ್ನಡದಲ್ಲಿಯೇ ಪಾಕಶಾಸ್ತ್ರದ ಒಂದು ಅಧ್ಯಾಯವಿದೆ. ಆ ಅರಸರ ಕಾಲದಲ್ಲಿ ಸೊಲ್ಲಾಪುರಕ್ಕೂ ಕಲ್ಯಾಣಕ್ಕೂ ನಡುವೆ ಗಡಿ ಇರಲಿಲ್ಲ. ಹೋಳಿಗೆ ಯಾರದೆಂದು ಜಗಳವಾಡುವವರು ಇದನ್ನು ನೆನಪಿಡುವುದು ಒಳಿತು.

ಈಗ ಈ ಕೆಲಸಗಳು ಮನೆಯಿಂದ ಹೊರಬೀಳುತ್ತಿವೆ. ಕಾರ್ಯಾಲಯದಲ್ಲಿ ಆಚಾರಿ ಅಡುಗೆ ಮಾಡುತ್ತಾನೆ. ಎಲೆಗೆ ಜಿಲೇಬಿ, ಮಠ್ಠಾ, ಪನೀರು ಬೀಳುತ್ತವೆ. ಹೆಣ್ಣುಮಕ್ಕಳ ಬೆನ್ನು ನೆಟ್ಟಗಾಯಿತೆಂಬುದನ್ನು ಮರೆತು ಹಳೆಯದಕ್ಕೆ ಹಲುಬುವುದು ಅನ್ಯಾಯ. ನೂರಾರು ರೊಟ್ಟಿ ಬಡಿದವಳ ಭುಜದ ನೋವು ಯಾವ ಸಂಪ್ರದಾಯದ ವರ್ಣನೆಯಲ್ಲಿಯೂ ಬರುವುದಿಲ್ಲ. ಆದರೂ ಭಾಷೆಯ ದೃಷ್ಟಿಯಿಂದ ಒಂದು ಬದಲಾವಣೆಯನ್ನು ಗುರುತಿಸಲೇಬೇಕು. ಬೀಸುವುದು ಹೋಗಿ ‘ಗಿರಣಿಗೆ ಹಾಕಿಸುವುದು’ ಬಂದಿತು. ಹೊಸೆಯುವುದು ಹೋಗಿ ‘ಶಾವಿಗೆ ಮಾಡಿಸುವುದು’ ಬಂದಿತು. ಬಡಿಯುವುದು, ಲಟ್ಟಿಸುವುದು, ಅರಳಿಸುವುದು, ಎಲ್ಲದರ ಜಾಗದಲ್ಲಿ ‘ಮಾಡಿಸು’, ‘ತರಿಸು’ ಎಂಬ ಎರಡು ಪ್ರೇರಣಾರ್ಥಕ ರೂಪಗಳು ನಿಂತಿವೆ. ಒಂದೊಂದು ಕ್ರಿಯಾಪದದ ಹಿಂದೆ ಅದರ ಹದ, ಅದರ ಉಪಕರಣ, ಅದು ಕೆಟ್ಟಾಗ ಹೇಳುವ ಮಾತು ಎಂದು ಹತ್ತು ಪದಗಳಿರುತ್ತವೆ. ಶಾವಿಗೆ ಮಣೆ ಅಟ್ಟ ಸೇರಿದ ಮನೆಯಲ್ಲಿ ಅವೂ ಅಟ್ಟ ಸೇರುತ್ತವೆ.

ತಿನಿಸು ಮಾತ್ರ ಅಳಿದಿಲ್ಲ, ಅದೇ ಗೋಜಲು. ಸೊಲ್ಲಾಪುರದ ಖಡಕ್ ರೊಟ್ಟಿಯೂ ಒರಳಿನಲ್ಲಿ ಎಣ್ಣೆ ಬಿಡುವವರೆಗೆ ಕುಟ್ಟಿದ ಶೇಂಗಾದ ಪುಡಿಯೂ ಇಂದು ಮುಂಬಯಿ, ಪುಣೆಗಳವರೆಗೆ ಮಾರಾಟವಾಗುತ್ತವೆ. ಅವನ್ನು ಮಾಡಿ ಬದುಕು ಕಟ್ಟಿಕೊಂಡ ಹೆಂಗಸರು ಅನೇಕರು. ಪೊಟ್ಟಣದ ಮೇಲೆ ಅವು ‘ಕಡಕ ಭಾಕರಿ’, ‘ಶೇಂಗಾ ಚಟಣಿ’. ಮನೆಯಲ್ಲಿ ಕುಟ್ಟುವಷ್ಟು ಕಾಲ ‘ಶೇಂಗಾ ಹಿಂಡಿ’ ಎನ್ನುತ್ತಿದ್ದವರ ಮಕ್ಕಳು ಪೊಟ್ಟಣ ತಂದಮೇಲೆ ಪೊಟ್ಟಣದ ಹೆಸರನ್ನೇ ಹೇಳುತ್ತಾರೆ. ತಿನಿಸು ಪೇಟೆಯಿಂದ ಹಿಂದಿರುಗುವಾಗ ತನ್ನ ಕನ್ನಡ ಹೆಸರನ್ನು ಬಿಟ್ಟು ಬರುತ್ತದೆ.

ಇದಕ್ಕೆ ಹೋಲಿಸಿದರೆ, ಪರಕೀಯವೆಂದು ಹಲವರು ಮುಖ ಸಿಂಡರಿಸುವ ಹುಟ್ಟುಹಬ್ಬದ ಕೇಕಿನ ಕಥೆ ಬೇರೆ. ಭಟ್ಟಿಯ ತಿನಿಸು ಈ ಊರುಗಳಿಗೆ ಹೊಸದಲ್ಲ. ಮನೆಯಿಂದ ಹಿಟ್ಟು, ಸಕ್ಕರೆ, ತುಪ್ಪ ಅಥವಾ ಡಾಲ್ಡಾ ಒಯ್ದು ಬೇಕರಿಯ ಭಟ್ಟಿಯಲ್ಲಿ ನಾನಖಟಾಯಿ ಬೇಯಿಸಿಕೊಂಡು, ಡಬ್ಬಿ ತುಂಬಿ ತರುವ ರೂಢಿ ಮಹಾರಾಷ್ಟ್ರದ ಅನೇಕ ಪಟ್ಟಣಗಳಲ್ಲಿತ್ತು. ಒಲೆಭಟ್ಟಿಯಿಲ್ಲದ ಮನೆಯಲ್ಲಿ ಈಗ ಕೇಕು ಕುಕ್ಕರಿನಲ್ಲಿ ಬೇಯುತ್ತದೆ. ತಳಕ್ಕೆ ಉಪ್ಪು ಅಥವಾ ಮರಳು ಹರಡಿ, ನೀರು ಹಾಕದೆ, ಸೀಟಿಯನ್ನೂ ರಬ್ಬರಿನ ಬಳೆಯನ್ನೂ ತೆಗೆದು, ಒಳಗೊಂದು ಅಡ್ಡಣಿಗೆಯ ಮೇಲೆ ಪಾತ್ರೆ ಇಟ್ಟು, ಸಣ್ಣ ಉರಿಯಲ್ಲಿ ಬಿಡುವುದು. ಸಾಯಂಕಾಲ ಮೊದಲು ಸೋದರತ್ತೆ ಮಗುವಿಗೆ ಆರತಿ ಬೆಳಗುತ್ತಾಳೆ, ಹಿರಿಯರು ಅಕ್ಷತೆ ಹಾಕುತ್ತಾರೆ, ಬಾಯಿಗೆ ಶಿರಾ ಅಥವಾ ಗೋಧಿ ಹುಗ್ಗಿ. ಕೇಕಿನ ಸರದಿ ಆಮೇಲೆ. ದೀಪವನ್ನು ಊದಿ ಆರಿಸುವುದು ಅಜ್ಜಿಯರಿಗೆ ಇನ್ನೂ ಒಗ್ಗಿಲ್ಲ; ದೀಪ ‘ಆರಿಸು’ ಎಂಬ ಮಾತನ್ನೇ ಆಡದೆ ‘ಶಾಂತ ಮಾಡು’ ಎನ್ನುವವರು ಅವರು. ಹಾಗಾಗಿ ಎಷ್ಟೋ ಮನೆಗಳಲ್ಲಿ ಕೇಕಿನ ಮೇಲೆ ಮೇಣದಬತ್ತಿ ಇರುವುದಿಲ್ಲ, ಪಕ್ಕದಲ್ಲಿ ಸಮೆ ಉರಿಯುತ್ತಿರುತ್ತದೆ.

ಈ ಕೇಕನ್ನು ಕಲಿಸಿದ್ದು ಮೊಬೈಲಿನ ಮರಾಠಿ ಇಲ್ಲವೆ ಹಿಂದಿ ವಿಡಿಯೊ. ಆದರೆ ತಾಯಿ ಅದನ್ನು ಮಗಳಿಗೆ ಹೇಳಿಕೊಡುವಾಗ ಅಳತೆಯಷ್ಟೇ ವಿಡಿಯೊದ್ದು, ಉಳಿದ ಮಾತೆಲ್ಲ ಒಲೆಯ ಹಳೆಯ ಮಾತು: ಹಿಟ್ಟು ಜರಡಿ ಹಿಡಿ, ಗಂಟಾಗದಂತೆ ಗೊಟಾಯಿಸು, ಭಜಿ ಹಿಟ್ಟಿಗಿಂತ ಒಂದಿಷ್ಟು ತೆಳ್ಳಗೆ, ದೋಸೆ ಹಿಟ್ಟಿಗಿಂತ ಗಟ್ಟಿ, ಉರಿ ಸಣ್ಣಗಿರಲಿ, ಕಡ್ಡಿ ಚುಚ್ಚಿ ನೋಡು. ಮುಚ್ಚಳ ಬೇಗ ತೆಗೆದು ನಡು ಕುಸಿದರೆ ಅದಕ್ಕೂ ಹೊಸ ಪದ ಬೇಕಾಗಿಲ್ಲ. ಹದ ತಪ್ಪಿತು ಎನ್ನುತ್ತಾಳೆ, ಮಗಳಿಗೆ ತಿಳಿಯುತ್ತದೆ.